ಎರಡು ಗಂಟೆಗೊಂದು ಮಗ್ಗುಲು

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ನೋಡಲು ಬಂದವರೆಲ್ಲ ವೈದ್ಯರಾಗಿಬಿಡುತ್ತಾರೆ. ಹಾಸಿಗೆ ಹೊಲಿಯುವವರ ಮನೆಯಲ್ಲಿ ಕಷ್ಟ ಇನ್ನೂ ಒಂದು ಹೆಚ್ಚು. ಅಲ್ಲಿ ಹಾಸಿಗೆಯ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ.

ಬೀದಿಯವರೆಲ್ಲ ಆ ಮನೆಯ ಯಜಮಾನರನ್ನು ಹಾಸಿಗೆಯಪ್ಪ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಕುಡಿಯುವ ನೀರಿನ ಲೋಟದಲ್ಲೂ ಒಂದು ಎಳೆ ಹತ್ತಿ ತೇಲುತ್ತಿತ್ತು. ಅವರ ಹೆಂಡತಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸೋತವು. ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು. ಆಕೆ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಹಾಸಿಗೆಯಪ್ಪ ಇಮ್ಮಡಿ ಹತ್ತಿ ತುಂಬಿದ ಹೊಸ ಹಾಸಿಗೆ ಹೊಲಿದು ಸಿದ್ಧ ಮಾಡಿದ್ದರು.

"ಇನ್ನು ನೀನು ಒಂದಿಷ್ಟೂ ಅಲ್ಲಾಡಬೇಡ. ರಾಣಿ ಥರ ಮಲಗಿರು," ಎಂದರು.

ರಾಣಿ ಒಂಬತ್ತು ದಿನ ಅಲ್ಲಾಡಲಿಲ್ಲ. ದಿನಾ ಬೆಳಿಗ್ಗೆ ಅವರು ಬಂದು, "ಹೇಗಿದೆ ಹಾಸಿಗೆ?" ಎಂದು ಕೇಳುವರು. "ಹೂವಿನ ಹಾಗಿದೆ," ಎಂದು ಆಕೆ ಹೇಳುವರು. ಅವರು ಮೀಸೆ ಸವರಿಕೊಂಡು ಅಂಗಡಿಗೆ ಹೋಗುವರು.

ಆ ಮನೆಯ ಸೊಸೆ ನಲವತ್ತೊಂದನೆಯ ವಯಸ್ಸಿನಲ್ಲಿ ಶುಶ್ರೂಷೆಯ ತರಗತಿಗೆ ಸೇರಿದವಳು. ಮಗಳ ವಯಸ್ಸಿನವರ ನಡುವೆ ಕೂತು, ಕನ್ನಡಕ ಏರಿಸಿಕೊಂಡು ಬರೆದುಕೊಳ್ಳುತ್ತಿದ್ದಳು. ಅಲ್ಲಿ ರೋಗಿಯ ಬದಲು ರಬ್ಬರಿನ ದೊಡ್ಡ ಬೊಂಬೆಯೊಂದಿತ್ತು. ಅದನ್ನು ಎಡಕ್ಕೆ, ಬಲಕ್ಕೆ ತಿರುಗಿಸುವುದರಲ್ಲಿ ಅವಳು ತರಗತಿಗೇ ಮೊದಲಿಗಳು. ಆದರೆ ಆ ಬೊಂಬೆಗೆ ಗಂಡನಿರಲಿಲ್ಲ. ಇದ್ದಿದ್ದರೂ ಅವನು ಇವಳ ಮಾವನಾಗಿರುತ್ತಿರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅತ್ತೆಯ ಮೈ ಒರೆಸುವಾಗ, ಬೆನ್ನಿನ ತಳದ ಮೂಳೆಯ ಮೇಲೆ ಬೆರಳಗಲದ ಒಂದು ಕಲೆ ಅವಳ ಕಣ್ಣಿಗೆ ಬಿತ್ತು. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ, ಒಳಗೆ ಕೆಂಪು ಕಂದಿದ ಹಾಗಿತ್ತು. ಬೆರಳಿಟ್ಟು ಮೆಲ್ಲಗೆ ಒತ್ತಿ ಬಿಟ್ಟಳು. ಬಣ್ಣ ಬದಲಾಗಲಿಲ್ಲ. ಮುಟ್ಟಿದರೆ ಬಿಸಿ, ಸ್ವಲ್ಪ ಗಟ್ಟಿ. ತರಗತಿಯಲ್ಲಿ ಬರೆದುಕೊಂಡದ್ದು ಇದೇ. ಹೀಗೇ ಬಿಟ್ಟರೆ ಚರ್ಮ ಒಡೆಯುತ್ತದೆ, ಹುಣ್ಣು ಮೂಳೆಯವರೆಗೂ ಇಳಿಯಬಹುದು. ಮುಂದಿನ ವಾರ ಅತ್ತೆಗೆ ಕೂರುವ, ನಿಲ್ಲುವ ಅಭ್ಯಾಸ ಶುರುವಾಗಬೇಕಿತ್ತು. ಹುಣ್ಣಾದರೆ ಅದೆಲ್ಲ ನಿಲ್ಲುತ್ತದೆ.

"ಅತ್ತೆ, ಇಲ್ಲಿ ನೋವಿದೆಯಾ?"

"ಇಲ್ಲಮ್ಮ," ಎಂದು ಜೋರಾಗಿ ಹೇಳಿದ ಅತ್ತೆ, ಅಂಗಡಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮೂರು ದಿನದಿಂದ ಕೆಂಡದ ಮೇಲೆ ಮಲಗಿದ ಹಾಗಿದೆ ಕಣೇ. ನಿಮ್ಮ ಮಾವನಿಗೆ ಹೇಳಬೇಡ. ಪಾಪ, ಬೆರಳು ಚುಚ್ಚಿಕೊಂಡು ಹೊಲಿದಿದ್ದಾರೆ."

ಸೊಸೆ ಒದ್ದೆ ಬಟ್ಟೆ ಹಿಂಡಿದಳು. ಉಪ್ಪು ಹೆಚ್ಚಾದ ಅಡುಗೆಯನ್ನು ರುಚಿಯಾಗಿದೆ ಎಂದು ಉಂಡಂತೆ, ನೋಯುವ ಬೆನ್ನನ್ನೂ ಹೂವೆಂದು ಹೊಗಳುವುದು ಹೆಂಗಸರಿಗೆ ಎಷ್ಟು ಸಲೀಸು! ತಾನೂ ಮದುವೆಯಾದಾಗಿನಿಂದ ಇದನ್ನು ಎಷ್ಟು ಸಲ ಮಾಡಿಲ್ಲ? ಆದರೆ ಚರ್ಮಕ್ಕೆ ದಾಕ್ಷಿಣ್ಯ ಗೊತ್ತಿಲ್ಲವಲ್ಲ.

ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದಳು. "ಆ ಜಾಗದ ಮೇಲೆ ಭಾರ ಬೀಳಬಾರದು. ಈಗಲೇ ಮಗ್ಗುಲು ತಿರುಗಿಸು. ನಾಳೆ ನಾನೇ ಬಂದು ನೋಡ್ತೀನಿ," ಎಂದರು ಆಕೆ. ಸೊಸೆ ಕೈ ತೊಳೆದು ಬಂದು, "ಅತ್ತೆ, ಬಲಕ್ಕೆ ತಿರುಗಿಸ್ತೀನಿ," ಎಂದು ಹೇಳಿ, ಮೆಲ್ಲಗೆ ಹೊರಳಿಸಿ ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಒಂದು ದಿಂಬು ಕೊಟ್ಟಳು. ಅತ್ತೆ ಉದ್ದನೆಯ ಉಸಿರು ಬಿಟ್ಟರು.

ಅಷ್ಟರಲ್ಲಿ ಹಾಸಿಗೆಯಪ್ಪ ಒಳಗೆ ಬಂದರು. ಹಿಂದೆಯೇ ಎದುರುಮನೆಯ ಇಸ್ತ್ರಿಯಮ್ಮ.

"ಇದೇನಿದು? ಯಾಕೆ ತಿರುಗಿಸಿದೆ ಅವಳನ್ನ?"

"ಬೆನ್ನಲ್ಲಿ ಹುಣ್ಣಾಗೋ ಲಕ್ಷಣ ಇದೆ ಮಾವ. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸಬೇಕು."

"ಹುಣ್ಣಾ? ನನ್ನ ಹಾಸಿಗೆ ಮೇಲಾ?" ಬೀದಿಗೆಲ್ಲ ಕೇಳಿಸಿತು. "ನಲವತ್ತು ವರ್ಷದಲ್ಲಿ ಒಬ್ಬರೂ ಇಂಥ ಮಾತು ಹೇಳಿಲ್ಲ!"

"ನಾನು ಆವಾಗ್ಲೇ ಅಂದ್ಕೊಂಡೆ," ಎಂದರು ಇಸ್ತ್ರಿಯಮ್ಮ. ಆಕೆ ಎಲ್ಲವನ್ನೂ ಆವಾಗಲೇ ಅಂದುಕೊಂಡಿರುತ್ತಿದ್ದರು. "ಎಣ್ಣೆ ಹಾಕಿ ಗಸಗಸ ಉಜ್ಜಿಬಿಡು. ಎಂಥ ಕಲೆಯಾದ್ರೂ ಹೋಗುತ್ತೆ."

"ಬೇಡಿ ಚಿಕ್ಕಮ್ಮ, ಇದು ಅಂಗಿ ಮೇಲಿನ ಕಲೆಯಲ್ಲ. ಒಳಗೆ ಆಗಲೇ ನಲುಗಿರುತ್ತೆ, ಉಜ್ಜಿದ್ರೆ ಇನ್ನೂ ಕೆಡುತ್ತೆ."

"ಹಾಗಾದ್ರೆ ನಡುವೆ ತೂತು ಇಟ್ಟು ಬಳೆಯಾಕಾರದ ದಿಂಬು ಹೊಲಿದುಕೊಡ್ತೀನಿ," ಎಂದರು ಹಾಸಿಗೆಯಪ್ಪ, ರಾಜಿಗೆ ಬಂದವರಂತೆ.

"ಅದೂ ಬೇಡ ಮಾವ. ಸುತ್ತಲಿನ ಚರ್ಮಕ್ಕೆ ಒತ್ತಿ ರಕ್ತ ಓಡದ ಹಾಗೆ ಮಾಡುತ್ತೆ."

"ಎಲ್ಲದಕ್ಕೂ ಬೇಡ! ಬೊಂಬೆ ಹೊರಳಿಸಿ ಕಲಿತವಳು ನನಗೆ ಹಾಸಿಗೆ ವಿದ್ಯೆ ಹೇಳ್ತಾಳೆ!"

ಸೊಸೆಗೆ ಕಣ್ಣು ತುಂಬುವುದರಲ್ಲಿತ್ತು. ಅದಕ್ಕೆ ಬದಲು ಸಿಟ್ಟು ಬಂತು. ಅವಳ ಪುಣ್ಯ.

"ಸರಿ ಮಾವ. ಇದೇ ಥರದ ಇನ್ನೊಂದು ಹಾಸಿಗೆ ಅಂಗಡಿಯಲ್ಲಿದೆ. ಅದರ ಮೇಲೆ ನೀವು ಎರಡು ಗಂಟೆ ಅಲ್ಲಾಡದೆ ಮಲಗಿ. ಗೆದ್ರೆ ನಾನು ಬಾಯಿ ಮುಚ್ಚಿಕೊಳ್ತೀನಿ."

"ಎರಡೇ ಗಂಟೆನಾ? ಸಂಜೆವರೆಗೂ ಮಲಗ್ತೀನಿ!"

ಹಾಸಿಗೆ ಬಂತು. ಹಾಸಿಗೆಯಪ್ಪ ಅಂಗಾತ ಮಲಗಿದರು. ತಿರುಗಿ ಮಲಗಿದ್ದ ಅತ್ತೆಯ ಕಣ್ಣಿಗೆ ನೇರವಾಗಿ ಗಡಿಯಾರ ಇಟ್ಟರು. ನ್ಯಾಯಾಧೀಶರ ಸ್ಥಾನ ಆಕೆಗೆ ತಾನಾಗಿಯೇ ಒದಗಿತು.

ಆರು ನಿಮಿಷಕ್ಕೆ ಹಾಸಿಗೆಯಪ್ಪನವರ ಮೂಗು ತುರಿಸಿತು.

"ಕೈ ಕೆಳಗೆ!" ಎಂದರು ಅತ್ತೆ. "ನನ್ನ ಎಡಗೈ ಏಳುತ್ತಾ?"

ಹದಿನೈದು ನಿಮಿಷಕ್ಕೆ ಗಿರಾಕಿಯೊಬ್ಬರು ಒಳಗಿಣುಕಿ, ಯಜಮಾನರು ಮೇಲೆ ನೋಡುತ್ತಾ ಮರದ ಕೊರಡಿನಂತೆ ಬಿದ್ದಿರುವುದನ್ನು ಕಂಡು, "ಅಯ್ಯೋ, ಯಾವಾಗ ಹೋದ್ರು?" ಎಂದು ಚಪ್ಪಲಿ ಕಳಚಿದರು.

"ನಾನು ಎಲ್ಲೂ ಹೋಗಿಲ್ಲ ಕಣಯ್ಯ! ಕೆಲಸದ ಮೇಲಿದೀನಿ!"

ಇಸ್ತ್ರಿಯಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಇಪ್ಪತ್ತು ನಿಮಿಷಕ್ಕೆ ಹಿಮ್ಮಡಿ ಚುರುಗುಟ್ಟಿತು. ಇಪ್ಪತ್ತೇಳನೆಯ ನಿಮಿಷಕ್ಕೆ ಹಾಸಿಗೆಯಪ್ಪ ತಮಗೇ ಅರಿವಿಲ್ಲದಂತೆ ಪಕ್ಕಕ್ಕೆ ಹೊರಳಿದರು.

"ಸೋತ್ರಿ!" ಅತ್ತೆಯ ಮುಖ ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಅರಳಿತ್ತು.

"ನಾನೆಲ್ಲಿ ಹೊರಳಿದೆ? ಮೈ ತಾನಾಗೇ ಹೊರಳಿತು."

"ಅದೇ ಮಾವ," ಎಂದಳು ಸೊಸೆ. "ನಮ್ಮ ಮೈ ನಿದ್ದೆಯಲ್ಲೂ ತಾನಾಗೇ ಹೊರಳುತ್ತೆ. ಅತ್ತೆ ಮೈ ಹೊರಳಲ್ಲ. ಹಾಸಿಗೆ ಎಷ್ಟೇ ಮೆತ್ತಗಿರಲಿ, ಒಂದೇ ಕಡೆ ಭಾರ ಬಿದ್ರೆ ಅಲ್ಲಿ ರಕ್ತ ಓಡಲ್ಲ."

ಹಾಸಿಗೆಯಪ್ಪ ಎದ್ದು ಕೂತರು. ಸೊಂಟ ಹಿಡಿದುಕೊಂಡೇ ಹೆಂಡತಿಯ ಕಡೆ ನೋಡಿದರು.

"ನಿನಗೆ ನೋಯ್ತಿತ್ತಾ?"

"ಹೂಂ."

"ಮತ್ತೆ ದಿನಾ ಕೇಳ್ತಿದ್ನಲ್ಲ, ಹೇಳಬಾರದಿತ್ತಾ?"

"ನೀವು ಕೇಳ್ತಿದ್ದಿದ್ದು ಹಾಸಿಗೆ ಹೇಗಿದೆ ಅಂತ," ಎಂದರು ಅತ್ತೆ. "ನಾನು ಹೇಗಿದೀನಿ ಅಂತ ಯಾವತ್ತು ಕೇಳಿದ್ರಿ?"

ಇದನ್ನು ಮಾತ್ರ ಇಸ್ತ್ರಿಯಮ್ಮ ಕೂಡ ಆವಾಗಲೇ ಅಂದುಕೊಂಡಿರಲಿಲ್ಲ.

ಆಮೇಲೆ ಹಾಸಿಗೆಯಪ್ಪ ಸೊಸೆಯ ಕಡೆ ತಿರುಗಿ, "ಏನು ಮಾಡಬೇಕು, ಹೇಳ್ಕೊಡಮ್ಮ," ಎಂದರು.

ಅವಳು ಹೇಳಿಕೊಟ್ಟಳು. ಮೊದಲು ಸೋಪಿನಲ್ಲಿ ಕೈ ತೊಳೆಯಬೇಕು. ಏನು ಮಾಡುತ್ತೇವೆಂದು ಮಲಗಿದವರಿಗೆ ಹೇಳಬೇಕು. ದರದರ ಎಳೆಯಬಾರದು, ಎಳೆದರೆ ಚರ್ಮ ಕಿತ್ತು ಬರುತ್ತದೆ. ಕೆಳಗೆ ಹಾಸಿದ ಬಟ್ಟೆಯನ್ನು ಇಬ್ಬರು ಹಿಡಿದು ಎತ್ತಿ ಸರಿಸಬೇಕು. ಸೋತ ಕೈಯನ್ನು ಹಿಡಿದು ಜಗ್ಗಲೇಬಾರದು. ಒದ್ದೆಯಾದರೆ ಕೂಡಲೇ ಒರೆಸಿ ಒಣಗಿಸಬೇಕು, ಹಾಸಿದ ಬಟ್ಟೆಯಲ್ಲಿ ಸುಕ್ಕು ಇರಬಾರದು. ಸುಕ್ಕಿನ ಜವಾಬ್ದಾರಿಯನ್ನು ಇಸ್ತ್ರಿಯಮ್ಮ ಯಾರೂ ಹೇಳದೆಯೇ ವಹಿಸಿಕೊಂಡರು. ಹಾಸಿಗೆಯಪ್ಪ ಮೀನಖಂಡದ ಕೆಳಗಿಡಲು ತೆಳ್ಳನೆಯ ದಿಂಬು ಹೊಲಿದರು. ಹಿಮ್ಮಡಿ ಎಲ್ಲೂ ತಾಗದೆ ಗಾಳಿಯಲ್ಲಿ ನಿಂತಿತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಅವರೇ ಬರೆದರು: ಹತ್ತು ಗಂಟೆ ಬಲ, ಹನ್ನೆರಡು ಗಂಟೆ ಎಡ.

ಮರುದಿನ ನರ್ಸ್ ಬಂದು ನೋಡಿ, "ಚರ್ಮ ಒಡೆದಿಲ್ಲ. ಸರಿಯಾದ ಹೊತ್ತಿಗೆ ಕಂಡಿದೀರಿ," ಎಂದರು. ವಾರ ಕಳೆಯುವುದರಲ್ಲಿ ಕಲೆ ಮಾಸಿತು. ಕಲೆ ಕಂಡ ಹನ್ನೆರಡನೆಯ ದಿನ ಅತ್ತೆ ಒಂದು ಕಡೆ ಸೊಸೆಯನ್ನು, ಇನ್ನೊಂದು ಕಡೆ ಗಂಡನನ್ನು ಹಿಡಿದು, ಹತ್ತು ಎಣಿಸುವವರೆಗೆ ನೆಲದ ಮೇಲೆ ನಿಂತರು. ಎಣಿಸಿದ್ದು ಹಾಸಿಗೆಯಪ್ಪ. ಏಳರ ನಂತರ ಅವರು ಲೆಕ್ಕ ಮರೆತು ಹೆಂಡತಿಯ ಮುಖವನ್ನೇ ನೋಡುತ್ತಾ ನಿಂತರು, ಉಳಿದ ಮೂರನ್ನು ಅತ್ತೆಯೇ ಎಣಿಸಿಕೊಂಡರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ತಾವಾಗಿ ಹೊರಳಲಾರದ ಒಬ್ಬರು ಮಲಗಿರಬಹುದು. ಬೆನ್ನಿನ ತಳ, ಸೊಂಟದ ಮೂಳೆ, ಹಿಮ್ಮಡಿ, ಮೊಣಕೈಗಳನ್ನು ದಿನಾ ನೋಡಿ. ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣದೇ ಇರಬಹುದು, ಆದ್ದರಿಂದ ಮುಟ್ಟಿಯೂ ನೋಡಿ. ಕಪ್ಪಾಗಿದ್ದರೆ, ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ ತಡ ಮಾಡದೆ ಆಸ್ಪತ್ರೆಗೆ ತಿಳಿಸಿ. ಈಗ ಈ ಕಾಗದ ಕೆಳಗಿಟ್ಟು ಕೈ ತೊಳೆದುಕೊಂಡು ಅವರ ಬಳಿ ಹೋಗಿ. "ಮಗ್ಗುಲು ಬದಲಿಸ್ಲಾ?" ಎಂದು ಕೇಳಿ. ಕೇಳಿದ ಮೇಲೆ, ಉತ್ತರ ಬರುವವರೆಗೂ ಅಲ್ಲೇ ನಿಂತಿರಿ.