ಆಚೆ, ಆಚ್ಚು

ತಿಮ್ಮರಾಯಪ್ಪನ ಗಂಟಲಿಗೆ ಡೆಂಕಣಿಕೋಟೆಯಿಂದ ತಳಿಯವರೆಗೆ ಹೆಸರಿತ್ತು. ಹಾಡಿಗಲ್ಲ, ಕೂಗಿಗೆ. ಕ್ವಾರಿಯಲ್ಲಿ ಆರು ಆಳು ಸೇರಿ ಒಂದು ಚಪ್ಪಡಿಯನ್ನು ಲಾರಿಗೆ ಏರಿಸಬೇಕಾದರೆ ಆರೂ ಜನರ ಬಲ ಒಂದೇ ಉಸಿರಿಗೆ ಬರಬೇಕು. ಒಬ್ಬ ಮುಂದಾದರೆ ಅವನ ಸೊಂಟ ಹೋಯಿತು, ಒಬ್ಬ ಹಿಂದಾದರೆ ಪಕ್ಕದವನ ಪಾದ ಹೋಯಿತು. ಆ ಉಸಿರುಗಳನ್ನು ಕೂಡಿಸುವುದೇ ತಿಮ್ಮರಾಯಪ್ಪನ ಕೆಲಸ. ಅವನು ಕಲ್ಲು ಮುಟ್ಟುವುದಕ್ಕಿಂತ ಬಾಯಿ ಮಾಡುವುದೇ ಹೆಚ್ಚು ಎಂದು ಆಗದವರು ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಮುಟ್ಟುತ್ತಿದ್ದ, ಆದರೆ ಒಂದು ಕೈಯಲ್ಲಿ. ಇನ್ನೊಂದು ಕೈ ಯಜಮಾನನ ಹಾಗೆ ಸೊಂಟದ ಮೇಲಿರುತ್ತಿತ್ತು.

ಹೊಸೂರು ಸೀಮೆಯಲ್ಲಿ ಹುಟ್ಟಿದವನಿಗೆ ಮೂರು ಭಾಷೆ ಬರುತ್ತದೆ, ಯಾವುದು ಎಲ್ಲಿ ಮುಗಿಯಿತು ಎನ್ನುವುದು ಮಾತ್ರ ಬರುವುದಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಾಲ್ಲೂಕು ಕಚೇರಿಯಲ್ಲಿ ತಮಿಳು, ಸಿಟ್ಟು ಬಂದರೆ ಮೂರೂ. ತಿಮ್ಮರಾಯಪ್ಪನ ಕೂಗೂ ಹಾಗೆಯೇ ಇತ್ತು. ಕಲ್ಲು ಅತ್ತ ಸರಿಯಬೇಕಾದರೆ ಅವನು ಕನ್ನಡದಲ್ಲಿ ‘ಆಚೆ’ ಎನ್ನುತ್ತಿದ್ದ. ಕಲ್ಲು ಕೂತಿತು, ಆಯಿತು ಎನ್ನುವುದಕ್ಕೆ ತಮಿಳಿನಲ್ಲಿ ‘ಆಚ್ಚು’ ಎನ್ನುತ್ತಿದ್ದ. ಆಚ್ಚು ಎಂದ ಕೂಡಲೇ ಆರು ಜೊತೆ ಕೈಗಳು ಒಟ್ಟಿಗೆ ಬಿಡಬೇಕು, ಯಾರೂ ತಿರುಗಿ ನೋಡಬಾರದು. ನೋಡುವವನು ತಡ ಮಾಡುತ್ತಾನೆ, ತಡ ಮಾಡಿದವನ ಬೆರಳು ಕಲ್ಲಿನಡಿ ಉಳಿಯುತ್ತದೆ. ಇಪ್ಪತ್ತು ವರ್ಷಗಳಲ್ಲಿ ಈ ಎರಡು ಮಾತು ಒಂದಕ್ಕೊಂದು ಅಡ್ಡ ಬಂದಿರಲಿಲ್ಲ. ಬಾಯಿ ತಪ್ಪಿದರೂ ಕಲ್ಲಿನ ಮೇಲಿದ್ದ ಕೈಗಳಿಗೆ ನಿಜ ಗೊತ್ತಾಗುತ್ತಿತ್ತು.

ಲಾರಿ ಶ್ರೀನಿವಾಸನದು. ಹನ್ನೆರಡು ಚಕ್ರದ್ದು. ಅವನೇನು ಕೆಟ್ಟ ಮನುಷ್ಯನಲ್ಲ, ಆದರೆ ಗಿರಾಕಿಗಳು ಬದಲಾಗಿದ್ದರು. ತಳಿಯ ಕಡೆ ಗುಲಾಬಿ ಬೆಳೆಯುವವರು, ಆನೆಗೆ ಹೆದರಿ ಬೇಲಿ ಹಾಕುವವರು ಎಲ್ಲರೂ ಕಲ್ಲುಕಂಬ ತರಿಸುವಾಗ ಒಂದೇ ಪ್ರಶ್ನೆ ಕೇಳತೊಡಗಿದ್ದರು: ನಿಮ್ಮ ಗಾಡೀಲಿ ಕ್ರೇನ್ ಐತಾ? ಇಲ್ಲವೆಂದರೆ ಫೋನ್ ಇಡುತ್ತಿದ್ದರು. ಕಡೆಗೆ ಶ್ರೀನಿವಾಸ ಹೊಸೂರಿನ ಬಾಡಿ ಕಟ್ಟುವ ಶೆಡ್ಡಿಗೆ ಲಾರಿ ಬಿಟ್ಟ. ಜೊತೆಗೆ ತಿಮ್ಮರಾಯಪ್ಪನನ್ನೂ ಕರೆದುಕೊಂಡು ಹೋದ.

ಕ್ಯಾಬಿನ್ನಿನ ಹಿಂದೆ ಬಾಡಿಯನ್ನು ಮೂರಡಿ ಕೊಯ್ದರು. ಚಾಸಿಯ ಮೇಲೆ ದಪ್ಪ ಉಕ್ಕಿನ ತಟ್ಟೆ ಹಾಕಿ ಬೋಲ್ಟು ಬಿಗಿದು, ಅದರ ಮೇಲೆ ಮಡಚಿದ ತೋಳಿನ ಸಣ್ಣ ಕ್ರೇನನ್ನು ಕೂರಿಸಿದರು. ಎತ್ತುವಾಗ ಲಾರಿ ವಾಲದಂತೆ ಎರಡೂ ಪಕ್ಕಕ್ಕೆ ಚಾಚುವ ಕಾಲುಗಳು ಬಂದವು. ಕೊಯ್ದು ತೆಗೆದ ಆ ಮೂರಡಿಯಲ್ಲಿಯೇ ಗ್ಯಾಂಗಿನ ಆರು ಜನ ಕೂತು ಊರಿಗೆ ಮರಳುತ್ತಿದ್ದುದು, ಬೀಡಿ ಹಚ್ಚುತ್ತಿದ್ದುದು, ಒಬ್ಬರ ಹೆಂಡತಿಯನ್ನು ಇನ್ನೊಬ್ಬರು ಹೊಗಳಿ ಬೈಸಿಕೊಳ್ಳುತ್ತಿದ್ದುದು. ತಿಮ್ಮರಾಯಪ್ಪ ಆ ಹಲಗೆಗಳನ್ನು ಶೆಡ್ಡಿನ ಮೂಲೆಯಲ್ಲಿ ನೋಡಿದ.

ಆಗ ಶೆಡ್ಡಿನ ಮೇಸ್ತ್ರಿ ಒಂದು ಮಾತು ಕೇಳಿದ. ಕ್ರೇನ್ ನಡೆಸುವ ಹಿಡಿಗಳು ಲಾರಿಯ ಎಡಗಡೆ ಇರುತ್ತವೆ. ಬಲಗಡೆ ಕಲ್ಲು ಇಳಿಸುವಾಗ ನಡೆಸುವವನಿಗೆ ಕಲ್ಲೇ ಕಾಣುವುದಿಲ್ಲ. ಅದಕ್ಕೆ ಕೊರಳಿಗೆ ನೇತುಹಾಕಿಕೊಳ್ಳುವ ರಿಮೋಟ್ ಬರುತ್ತದೆ, ಹಾಕಲೇ? ಅದಿದ್ದರೆ ಆಪರೇಟರ್ ಎಲ್ಲಿ ಬೇಕಾದರೂ ನಿಂತು ಕಣ್ಣಾರೆ ನೋಡಿ ಇಳಿಸಬಹುದು. ಶ್ರೀನಿವಾಸ ತಿಮ್ಮರಾಯಪ್ಪನ ಮುಖ ನೋಡಿದ.

ತಿಮ್ಮರಾಯಪ್ಪನಿಗೆ ಲೆಕ್ಕ ತಕ್ಷಣ ಹೊಳೆಯಿತು. ಕ್ರೇನ್ ಬಂದರೆ ಎತ್ತುವವರು ಬೇಡ. ರಿಮೋಟ್ ಬಂದರೆ ಕೂಗುವವನೂ ಬೇಡ.

“ನಾನಿಲ್ವಾ?” ಅಂದ. “ನನ್ನ ಗಂಟಲಿಗಿಂತ ಆ ಡಬ್ಬಿ ಹೆಚ್ಚಾ?”

ಶ್ರೀನಿವಾಸ ನಕ್ಕು ಬೇಡವೆಂದ. ಹಳೆಯ ಆಳಿನ ಮನಸ್ಸು ನೋಯಿಸುವುದು ಅವನಿಗೂ ಬೇಕಿರಲಿಲ್ಲ.

ಆರು ಜನರಲ್ಲಿ ನಾಲ್ವರು ಹೋದರು. ಇಬ್ಬರು ಸಿಪ್‌ಕಾಟ್ ಕೈಗಾರಿಕಾ ವಲಯದ ಫ್ಯಾಕ್ಟರಿಗಳಲ್ಲಿ ಕಸ ಗುಡಿಸುವುದಕ್ಕೆ ಸೇರಿದರು, ಒಬ್ಬ ವಾಚ್‌ಮನ್ ಆದ, ಒಬ್ಬ ಏನಾದನೋ ತಿಳಿಯಲಿಲ್ಲ. ಕೂಗಲು ತಿಮ್ಮರಾಯಪ್ಪ ಉಳಿದ. ಕಲ್ಲಿಗೆ ಪಟ್ಟಿ ಬಿಗಿಯಲು, ಹಗ್ಗ ಹಿಡಿದು ತಿರುಗಿಸಲು ಇನ್ನೊಬ್ಬ ಬೇಕಿತ್ತು. ಯಾರು ಬೇಕೋ ನೀನೇ ಆರಿಸಿಕೋ ಎಂದು ಶ್ರೀನಿವಾಸ ಬಿಟ್ಟ. ತಿಮ್ಮರಾಯಪ್ಪ ಆ ಆರರಲ್ಲೇ ಒಬ್ಬನಾಗಿದ್ದ, ಹೆಂಡತಿ ಗೋವಿಂದಮ್ಮನ ತಮ್ಮ ವೆಂಕಿಯನ್ನು ಆರಿಸಿದ. ಆ ಸಂಜೆ ಗೋವಿಂದಮ್ಮ ಗಂಡನಿಗೆ ಮುದ್ದೆಯ ಜೊತೆ ಕೋಳಿಸಾರು ಮಾಡಿದಳು. ತಮ್ಮನ ಅನ್ನ ಉಳಿಸಿದ ಗಂಡ ಅವಳಿಗೆ ದೇವರಂತೆ ಕಂಡ.

ಕ್ರೇನ್ ನಡೆಸಲು ನಾಮಕ್ಕಲ್ ಕಡೆಯಿಂದ ಅರುಣ್‌ಕುಮಾರ್ ಎಂಬವನು ಬಂದ. ಮೂವತ್ತರ ಆಸುಪಾಸಿನವನು, ಸೌಮ್ಯ, ಕೆಲಸ ಬಲ್ಲವನು. ಅವನಿಗೆ ತಮಿಳು ಬಿಟ್ಟು ಒಂದಕ್ಷರ ಬೇರೆ ಬಾರದು. ಮೊದಲ ದಿನವೇ ಅವನು ತಿಮ್ಮರಾಯಪ್ಪನಿಗೆ ಕೈಸನ್ನೆಗಳನ್ನು ತೋರಿಸಿದ: ಮೇಲೆ, ಕೆಳಗೆ, ನಿಲ್ಲಿಸು. ಕಾಣದ ಜಾಗದಲ್ಲಿ ಸನ್ನೆ ಯಾರಿಗೆ ತೋರಿಸಲಿ ಎಂದು ತಿಮ್ಮರಾಯಪ್ಪ ಕೇಳಿದ. ಅದೂ ನಿಜವೇ. ಕೂಗಿನ ಮೇಲೆಯೇ ಕೆಲಸ ನಡೆಯಿತು, ಚೆನ್ನಾಗಿಯೇ ನಡೆಯಿತು. ಅರುಣ್‌ಕುಮಾರ್ ‘ಎತ್ತು’ ಕಲಿತ, ‘ಇಳಿಸು’ ಕಲಿತ, ‘ಆಚೆ’ ‘ಈಚೆ’ ಕೂಡ ಕಲಿತ. ಕಲಿತದ್ದು ಬೇರೆ, ಹುಟ್ಟಿನಿಂದ ಬಂದದ್ದು ಬೇರೆ. ಅದು ಆಗ ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ತಳಿಯಾಚೆ ಒಂದು ರಾಗಿ ಹೊಲದ ಅಂಚಿನಲ್ಲಿ ಬೇಲಿಕಂಬ ಇಳಿಸುತ್ತಿದ್ದರು. ಲಾರಿಯ ಬಲಕ್ಕೆ ಇಕ್ಕಟ್ಟಾದ ದಿಣ್ಣೆ. ಕಟ್ಟಿದ ಕಂಬಗಳ ಹೊರೆ ಕೊಕ್ಕೆಯಲ್ಲಿ ತೂಗುತ್ತಿತ್ತು, ವೆಂಕಿ ಕೆಳಗೆ ನಿಂತು ಹಗ್ಗದಿಂದ ಅದನ್ನು ಹದಕ್ಕೆ ತಿರುಗಿಸುತ್ತಿದ್ದ. ಹೊರೆಯ ಒಂದು ತುದಿ ದಿಣ್ಣೆಗೆ ತಾಗಿತ್ತು, ಇನ್ನೊಂದು ಇನ್ನೂ ಗಾಳಿಯಲ್ಲಿತ್ತು. ಅದು ಇನ್ನಷ್ಟು ಹೊರಕ್ಕೆ ಹೋಗಬೇಕೆಂದು ತಿಮ್ಮರಾಯಪ್ಪನಿಗೆ ಕಂಡಿತು. ಎಂಜಿನ್ನಿನ ಗದ್ದಲದ ಮೇಲೆ ಗಂಟಲು ಹರಿಯುವಂತೆ ಕೂಗಿದ.

ಅತ್ತ ಕಡೆ ಅರುಣ್‌ಕುಮಾರ್ ಹೊರೆ ಕೂತಿತೆಂದು ಕ್ರೇನಿನ ಕೊಕ್ಕೆಯನ್ನು ಸಡಿಲ ಬಿಟ್ಟ. ಇತ್ತ ವೆಂಕಿ ಕೈಯಲ್ಲಿದ್ದ ಹಗ್ಗ ಬಿಟ್ಟು ಕೊಕ್ಕೆ ಬಿಚ್ಚಲು ಬಗ್ಗಿದ. ಹಿಡಿಯುವವರಿಲ್ಲದ ಹೊರೆ ತಿರುಗಿ ಜಾರಿ ಅವನ ಮೇಲೆ ಬಂತು. ವೆಂಕಿ ಕಿರುಚಲೂ ಇಲ್ಲ. ಕಂಬಗಳನ್ನು ಸರಿಸಲು ಮೂರು ಜನ ಸಾಲಲಿಲ್ಲ, ಮತ್ತೆ ಅದೇ ಕ್ರೇನಿನಿಂದ ಎತ್ತಬೇಕಾಯಿತು, ಅದಕ್ಕೂ ತಿಮ್ಮರಾಯಪ್ಪನೇ ಕೂಗಬೇಕಾಯಿತು.

ಸೊಂಟದಿಂದ ಕೆಳಗೆ ವೆಂಕಿಗೆ ಇನ್ನು ಜೀವವಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದರು.

ಪೊಲೀಸರು ಕೇಳಿದ್ದು ಒಂದೇ: ಏನೆಂದು ಕೂಗಿದೆ? ಆಚೆ ಎಂದೆ ಎಂದು ತಿಮ್ಮರಾಯಪ್ಪ ಹೇಳಿದ. ಆಚ್ಚು ಎಂದ ಎಂದು ಅರುಣ್‌ಕುಮಾರ್ ಹೇಳಿದ. ಹಾಸಿಗೆಯ ಮೇಲಿದ್ದ ವೆಂಕಿಯನ್ನು ಕೇಳಿದಾಗ ಅವನು ಕಣ್ಣು ಮುಚ್ಚಿಕೊಂಡೇ “ಆಚೆ ಅಂದ, ನಮ್ಮ ಬಾವ ಆಚೆ ಅಂತಲೇ ಅಂದ” ಎಂದ. ಏಟು ತಿಂದವನ ಮಾತಿಗಿಂತ ದೊಡ್ಡ ಸಾಕ್ಷಿ ಯಾವುದು? ಕೇಸು ಅರುಣ್‌ಕುಮಾರನ ಮೇಲೆ ಬಿತ್ತು. ಅವನ ಲೈಸೆನ್ಸ್ ಕಿತ್ತುಕೊಂಡರು, ಶ್ರೀನಿವಾಸ ಕೆಲಸದಿಂದ ತೆಗೆದ. ಕ್ರೇನಿಗೆ ರಿಮೋಟ್ ಹಾಕಿಸಿದ. ತಿಮ್ಮರಾಯಪ್ಪನಿಗೆ ಇನ್ನು ಬರಬೇಡ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ.

ವೆಂಕಿಯ ಹೆಂಡತಿ ಎಂದೋ ತೀರಿಕೊಂಡಿದ್ದಳು. ಗೋವಿಂದಮ್ಮ ತಮ್ಮನನ್ನು ತನ್ನ ಮನೆಗೇ ತಂದುಕೊಂಡಳು. ಗಂಡನಿಗೆ ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ತಿಮ್ಮರಾಯಪ್ಪನಿಗೆ ಅನ್ನಿಸುತ್ತಿತ್ತು. ಆದರೂ ರಾತ್ರಿ ತಲೆ ಇಡುವಾಗ ಅವನಿಗೊಂದು ಆಸರೆ ಇತ್ತು: ನಾನು ಸರಿಯಾಗಿಯೇ ಕೂಗಿದೆ, ವೆಂಕಿಯೇ ಕೇಳಿದ್ದಾನೆ. ಮನುಷ್ಯ ಬದುಕುವುದಕ್ಕೆ ಅಷ್ಟು ಸಾಕಾಗುತ್ತದೆ.

ಒಂದು ಬೆಳಿಗ್ಗೆ ಬಸ್ಸಿಳಿದು ಅರುಣ್‌ಕುಮಾರನ ಹೆಂಡತಿ ಶಾಂತಿ ಬಂದಳು. ಜಗಳಕ್ಕೆ ಬಂದಿರಬೇಕೆಂದು ತಿಮ್ಮರಾಯಪ್ಪ ಎದ್ದು ನಿಂತ. ಅವಳು ಜಗಳವಾಡಲಿಲ್ಲ. ಗಂಡ ಊಟ ಬಿಟ್ಟಿದ್ದಾನೆ, ದಿನವಿಡೀ ಅದೇ ಮಾತನ್ನು ಬಾಯಲ್ಲಿ ಹೊರಳಿಸುತ್ತ ಕೂತಿರುತ್ತಾನೆ ಎಂದು ತಮಿಳಿನಲ್ಲಿ ಹೇಳಿದಳು. ನಿಮ್ಮ ಮೇಲೆ ದೂರಿಲ್ಲ ಅಣ್ಣಾ, ಅಂದು ಕೂಗಿದಂತೆ ಒಂದು ಸಲ ಕೂಗಿ, ನಾನು ಕಿವಿಯಾರೆ ಕೇಳಿಕೊಂಡು ಹೋಗುತ್ತೇನೆ ಎಂದಳು.

ತಿಮ್ಮರಾಯಪ್ಪನಿಗೆ ಇದು ಸುಲಭವೆನಿಸಿತು. ಆಚೆ ಎನ್ನುವುದಕ್ಕೇನು? ಅಂಗಳದಲ್ಲಿ ಕಾಲು ಅಗಲಿಸಿ ನಿಂತು, ಎದೆ ತುಂಬ ಉಸಿರೆಳೆದು ಕೂಗಿದ. ಕೂಗು ಊರಾಚೆಗೆ ಹೋಯಿತು. ಅಷ್ಟು ಜೋರಿನಲ್ಲಿ ಮಾತಿನ ಬಾಲ ಎಲ್ಲಿ ಹರಿದುಹೋಯಿತೋ, ಉಳಿದದ್ದು ‘ಆಚ್’ ಎಂಬುದಷ್ಟೇ. ಒಳಗೆ ಆಡುತ್ತಿದ್ದ ಮೊಮ್ಮಗಳು ಮೇಘಶ್ರೀ ಹೊಸಿಲಿಗೆ ಓಡಿಬಂದಳು. ಅವಳು ಓದುವುದು ತಮಿಳು ಸ್ಕೂಲಿನಲ್ಲಿ.

“ಏನ್ ತಾತ, ಏನ್ ಆಚ್ಚು?” ಎಂದು ಕೇಳಿದಳು.

ಶಾಂತಿ ತಲೆ ತಗ್ಗಿಸಿದಳು. ಗೆದ್ದೆನೆಂಬ ಸಂತೋಷ ಅವಳ ಮುಖದಲ್ಲಿರಲಿಲ್ಲ. ಗೆದ್ದು ಯಾರಿಗೆ ತೋರಿಸುವುದು? ಗೋವಿಂದಮ್ಮ ಕೊಟ್ಟ ನೀರನ್ನು ಕುಡಿದು, ಬರುತ್ತೇನೆಂದು ಹೇಳಿ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತು ಯಾವುದೆಂದೇ ತಿಳಿಯದವನಿಗೆ ಹಿರಿಯರು ಯಾವ ಗಾದೆಯನ್ನೂ ಮಾಡಿಟ್ಟು ಹೋಗಿಲ್ಲ.

ತಿಮ್ಮರಾಯಪ್ಪ ಒಳಗೆ ಹೋಗಿ ವೆಂಕಿಯ ಚಾಪೆಯ ಪಕ್ಕ ಕೂತ. ವೆಂಕಿ ಗೋಡೆಯ ಕಡೆ ಮುಖ ಮಾಡಿದ್ದ. ಕೂಗು ಅವನಿಗೂ ಕೇಳಿಸಿತ್ತು.

“ನಿಜ ಹೇಳ್ಲಾ ವೆಂಕಿ. ಅವತ್ತು ನಿಂಗೇನು ಕೇಳಿಸ್ತು?”

ವೆಂಕಿ ಗೋಡೆಗೇ ಹೇಳಿದ.

“ಆಚ್ಚು ಅಂತ ಕೇಳಿಸ್ತು ಬಾವ. ಇಲ್ದಿದ್ರೆ ನಾನ್ಯಾಕೆ ಕೈ ಬಿಡ್ಲಿ?”

ತಿಮ್ಮರಾಯಪ್ಪನಿಗೆ ಆಗ ಎಲ್ಲ ಸ್ಪಷ್ಟವಾಯಿತು. ವೆಂಕಿ ತಿರುಗಿ ನೋಡಿರಲಿಲ್ಲ. ನೋಡಬಾರದೆಂದು ಅವನಿಗೆ ಕಲಿಸಿದ್ದು ತಾನೇ. ಇಪ್ಪತ್ತು ವರ್ಷ ಅವನ ಬೆರಳುಗಳನ್ನು ಉಳಿಸಿದ ಪಾಠ ಒಂದೇ ದಿನ ಅವನ ಕಾಲುಗಳನ್ನು ತಿಂದಿತ್ತು. ಮತ್ತೆ, ಆ ರಿಮೋಟ್ ಡಬ್ಬಿ ಬೇಡ ಎಂದವನೂ ತಾನೇ.

“ಮತ್ತೆ ಪೊಲೀಸ್ನೋರ ಮುಂದೆ ಯಾಕಂಗಂದೆ?”

“ನಾನಿಂಗಾದೆ, ನೀನೂ ಜೈಲಿಗೋದ್ರೆ ಅಕ್ಕ ಏನ್ ಮಾಡ್ತಾಳೆ?”

“ನಾಳೆ ಸ್ಟೇಷನ್ನಿಗೆ ಹೋಗಿ ಹೇಳ್ಬುಡ್ತೀನಿ.”

ವೆಂಕಿ ಮೊದಲ ಸಲ ಇತ್ತ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ತಿಮ್ಮರಾಯಪ್ಪನಿಗೆ ತಡೆಯಲಾಗಲಿಲ್ಲ.

“ಏನಂತ ಹೇಳ್ತೀಯ ಬಾವ? ಏನಂದೆ ಅಂತ ನಿಂಗೇ ಗೊತ್ತಿಲ್ವಲ್ಲ.”

ಹೇಳಿದರೆ ಅರುಣ್‌ಕುಮಾರನಿಗೆ ಹೋದ ಹೆಸರು ಬರುತ್ತಿತ್ತೋ ಇಲ್ಲವೋ, ವೆಂಕಿಯ ಕಾಲಂತೂ ಬರುತ್ತಿರಲಿಲ್ಲ. ಹೇಳದಿದ್ದರೆ ನಾಮಕ್ಕಲ್ಲಿನಲ್ಲಿ ಒಬ್ಬ ಊಟ ಬಿಟ್ಟು ಕೂತೇ ಇರುತ್ತಾನೆ. ತಿಮ್ಮರಾಯಪ್ಪ ಎರಡನ್ನೂ ನೋಡಿದ. ಎರಡು ಕಡೆಯೂ ದಾರಿ ಕಾಣಲಿಲ್ಲ.

ಹೊರಗೆ ತಳಿಯ ಚಳಿಗಾಲದ ಬಿಸಿಲು ಹೊಸಿಲವರೆಗೆ ಬಂದಿತ್ತು.

“ಬಿಸ್ಲು ಬಂದೈತೆ,” ಎಂದ ವೆಂಕಿ. “ವಸಿ ಆಚೆ ಕೂರ್ಸು ಬಾವ.”

ಆಚೆ. ಅವನು ಅದನ್ನು ಯಾವ ಕಷ್ಟವೂ ಇಲ್ಲದೆ, ಮೆತ್ತಗೆ, ಪೂರ್ತಿಯಾಗಿ ಅಂದ. ತಿಮ್ಮರಾಯಪ್ಪ ಎದ್ದು ಹಿಂದಿನಿಂದ ಅವನ ಕಂಕುಳಿಗೆ ಕೈ ಹಾಕಿದ. ವೆಂಕಿ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ, ತೋಳು ಬಿಗಿದು, ಕಾದ. ತಿಮ್ಮರಾಯಪ್ಪ ಎಳೆದ. ವೆಂಕಿಯ ತೋಳಿನ ಬಲ ಒಂದು ಗಳಿಗೆ ತಡವಾಗಿ ಬಂತು, ಅಷ್ಟರಲ್ಲಿ ತಿಮ್ಮರಾಯಪ್ಪನದು ಮುಗಿದಿತ್ತು. ಎರಡನೆಯ ಸಲವೂ ಹಾಗೆಯೇ ಆಯಿತು. ಒಂದೇ ಕಲ್ಲಿಗೆ ಇಪ್ಪತ್ತು ವರ್ಷ ಬಲ ಕೊಟ್ಟ ಇಬ್ಬರಿಗೆ ಒಂದು ಬಡಕಲು ದೇಹವನ್ನು ಚಾಪೆಯಿಂದ ಏಳಿಸಲಾಗಲಿಲ್ಲ.

“ಕೂಗು ಬಾವ,” ಎಂದ ವೆಂಕಿ. “ನೀನು ಕೂಗ್ದೆ ನಂಗೆ ಬಲ ಕೊಡಾಕೆ ಬರಾಕಿಲ್ಲ.”

ತಿಮ್ಮರಾಯಪ್ಪ ಬಾಯಿ ತೆರೆದ. ಉಸಿರೆಳೆದುಕೊಂಡ. ವೆಂಕಿ ಅಂಗೈ ಊರಿಕೊಂಡು, ತಿರುಗಿ ನೋಡದೆ, ಕಾಯುತ್ತಿದ್ದ. ಬಿಸಿಲು ಹೊಸಿಲಿನಿಂದ ಹಿಂದಕ್ಕೆ ಸರಿಯುವವರೆಗೂ ತಿಮ್ಮರಾಯಪ್ಪನ ಗಂಟಲಿನಿಂದ ಯಾವ ಮಾತೂ ಹೊರಡಲಿಲ್ಲ.