ಪುಣೆಗೆ ಹೊರಟ ಲಕೋಟೆ

ಅಕ್ಷರ ತನ್ನದೇ. ಜಯತೀರ್ಥ ಲಕೋಟೆಯನ್ನು ಮುಟ್ಟದೆ, ಜಗಲಿಯ ಮೇಲೆ ಬಿದ್ದಲ್ಲೇ ಬಾಗಿ ನೋಡಿದ. ಗಣಿತ ಸಂಶೋಧನಾ ಮಂದಿರ, ಪುಣೆ. ಮೂರು ವಾರದ ಹಿಂದೆ ಹೊಸ ನಿಬ್ಬು ಹಾಕಿ, ಉಸಿರು ಬಿಗಿಹಿಡಿದು ಬರೆದ ವಿಳಾಸ. ಅಂಟು ಹಾಗೇ ಇತ್ತು. ಯಾರೂ ಒಡೆದಿರಲಿಲ್ಲ.

"ಬೇರಂಗ್ ಆಗಿ ತಿರುಗಿ ಬಂದದ್ರಿ ಮಾಸ್ತರ," ಎಂದ ಟಪ್ಪಾಲಿನ ಧರ್ಮಣ್ಣ. "ಅಲ್ಲಿಯವ್ರು ದಂಡ ಕೊಟ್ಟು ಬಿಡಿಸ್ಕೊಂಡಿಲ್ಲ."

"ಟಿಕೇಟ್ ಹಚ್ಚಿದ್ನಲ್ಲ!"

"ನಿಜಾಮರ ಟಿಕೇಟ್ರಿ ಅದು. ಗಡಿ ದಾಟಿದ್ರ ಬರೇ ಬಣ್ಣದ ಕಾಗದ. ಆಚಿಗಿ ಇಂಗ್ರೇಜಿ ಟಿಕೇಟೇ ಬೇಕು. ನಮ್ಮ ಹಿರೋಳ್ಳಿ ಊರಾಗ ಇದು ಯಾರಿಗಿ ಗೊತ್ತಿಲ್ರಿ?"

ಧರ್ಮಣ್ಣ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಎಂಎಸ್ಸಿ ಮುಗಿಸಿ ಬಂದವನಿಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಈ ಊರಲ್ಲಿ ನಲವತ್ತು ಹುಡುಗರ ಬಾಯಲ್ಲಿ ಉರ್ದು ಮಗ್ಗಿ ಕಿರುಚಿಸುತ್ತಿದ್ದ. ಊರನ್ನು ಮಾತ್ರ ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ನೋಡುವಂಥದ್ದೇನಿದೆ? ಧೂಳು, ಸಗಣಿ, ನೊಣ, ಎಲೆಯಡಿಕೆಯ ಉಗುಳು. ಥೂ!

"ಮೊದಲಿನ ಅರ್ಜಿ ಮುಟ್ಟಿತ್ತಲ್ಲ?" ಅಡುಗೆಮನೆಯಿಂದ ಹೆಂಡತಿ ಮಥುರಾಬಾಯಿಯ ದನಿ.

"ಮುಟ್ಟಿತ್ತು."

"ಅದನ್ನ ಮಾಣಿಕಮ್ಮ ಒಯ್ದಿದ್ಳು. ಬುಟ್ಟ್ಯಾಗ. ನಾನೇ ಕೊಟ್ಟಿದ್ದೆ."

ಊರ ಹೊರಗಿನ ಕೇರಿಯ ಮಾಣಿಕಮ್ಮ ಪ್ರತಿ ಶುಕ್ರವಾರ ಗಡಿಯಾಚೆಯ ಸಂತೆಗೆ ಕೋಳಿ ಒಯ್ಯುತ್ತಿದ್ದಳು. ಊರಿನವರ ಕಾಗದಗಳನ್ನೂ ಒಯ್ದು, ಅಲ್ಲಿ ಇಂಗ್ರೇಜಿ ಟಿಕೇಟು ಹಚ್ಚಿ ಹಾಕುತ್ತಿದ್ದಳು. ಹಾಗಾದರೆ "ನಿಮ್ಮ ಪ್ರಬಂಧ ಕಳಿಸಿ" ಎಂಬ ಮಂದಿರದ ಗೌರವದ ಉತ್ತರ, ಕೋಳಿಗಳ ಕಾಲಡಿಯಲ್ಲಿ ಹೋದ ಅರ್ಜಿಗೆ ಬಂದದ್ದು.

ಮೂರು ವಾರದ ಹಿಂದೆ ಅವಳು ಈ ಲಕೋಟೆಯನ್ನೂ ಕೇಳಿದ್ದಳು. ಒಳಗಿದ್ದದ್ದು ಅದೇ ಪ್ರಬಂಧ, ಅನಂತ ಶ್ರೇಣಿಗಳ ಮೇಲೆ ನಾಲ್ಕು ವರ್ಷದ ಕೆಲಸ. ಬುಟ್ಟಿಯೊಳಗೆ ಇಣುಕಿದವನು ಮೂಗು ಮುಚ್ಚಿಕೊಂಡಿದ್ದ. ಛೀ, ಇದರಲ್ಲೇ? ಗಡಿಯ ಈಚೆಗಿನ ಆಳಂದದ ತನಕ ನಡೆದುಹೋಗಿ, ಅಲ್ಲಿನ ಡಬ್ಬಿಯಲ್ಲಿ ತನ್ನ ಶುದ್ಧ ಕೈಯಿಂದ ಹಾಕಿ ಬಂದಿದ್ದ.

ಪ್ರಬಂಧ ಮುಟ್ಟಲು ಕೊನೆಯ ದಿನ ಸೋಮವಾರ. ಮಂದಿರ ಮೂವತ್ತು ತುಂಬಿದವರನ್ನು ತೆಗೆದುಕೊಳ್ಳುವುದಿಲ್ಲ. ಅವನಿಗೆ ಮುಂದಿನ ತಿಂಗಳು ಮೂವತ್ತು ತುಂಬುತ್ತದೆ. ತಾನೇ ಒಯ್ಯೋಣವೆಂದರೆ ಸರ್ಕಾರಿ ನೌಕರ, ಪರವಾನಗಿ ಇಲ್ಲದೆ ಗಡಿ ದಾಟುವ ಹಾಗಿಲ್ಲ. ಇಂದು ಶುಕ್ರವಾರ, ಜುಮ್ಮಾ; ಪರವಾನಗಿ ಕೊಡುವ ಕಚೇರಿ ಮುಚ್ಚಿದೆ. ನಾಳೆ ಕೇಳಿದರೆ ಅದು ಕೈಗೆ ಬರುವಷ್ಟರಲ್ಲಿ ಸೋಮವಾರ ಕಳೆದಿರುತ್ತದೆ. ಉಳಿದದ್ದು ಬುಟ್ಟಿ ಒಂದೇ.

ಮಥುರಾಬಾಯಿ ಹೇಳಿಕಳಿಸಿದ್ದಕ್ಕೆ ಮಾಣಿಕಮ್ಮ ಬಂದಳು. ಅಂಗಳದ ಕಲ್ಲಿನ ಮೇಲೆ ಬುಟ್ಟಿ ಇಳಿಸಿದಳು. ಕಾಲು ಕಟ್ಟಿದ ಐದು ಕೋಳಿ, ಬಾಯಿ ತೆರೆದು ತೇಕುತ್ತಿದ್ದವು.

"ತರ್ರಿ ಮಾಸ್ತರ. ಅವತ್ತೇ ಕೊಟ್ಟಿದ್ರ ಮುಟ್ಟತಿತ್ತು."

"ಸೋಮವಾರದೊಳಗ ಮುಟ್ಟತದೇನು?"

"ಮಧ್ಯಾಹ್ನಕ್ಕ ಟಪ್ಪಾಲ್ ಕಟ್ತಾರ್ರಿ. ಈಗ ಹೊಂಟ್ರ ಮುಟ್ಟತದ. ಅಣ್ಣಾರಾಯನ ಗಾಡಿ ತಯಾರ್ ಅದ."

ಕೊಡುವುದಕ್ಕೊಂದು ಪದ್ಧತಿಯಿತ್ತು. ಕೊಡುವವರು ಮೇಲಿಂದ ಬಿಡಬೇಕು, ಅವಳ ಬುಟ್ಟಿಯಲ್ಲಿ ಬೀಳಬೇಕು, ಕೈಗೆ ಕೈ ತಾಗಬಾರದು. ಪುಣೆಯ ಹಾಸ್ಟೆಲಿನಲ್ಲಿ ಇಂಥದ್ದರ ವಿರುದ್ಧ ಅವನು ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದ.

ಮೊಳದೆತ್ತರದಿಂದ ಬಿಟ್ಟ.

ಕೋಳಿಯೊಂದು ರೆಕ್ಕೆ ಬಡಿಯಿತು. ಲಕೋಟೆ ಅಂಚಿಗೆ ಜಾರಿತು. ಇಬ್ಬರೂ ಒಟ್ಟಿಗೇ ಕೈ ಚಾಚಿದರು; ಅವಳ ಬೆರಳು ಅವನ ಬೆರಳ ಮೇಲೆ ಬಿತ್ತು. ಬೆಚ್ಚಗಿತ್ತು. ಹೆಬ್ಬೆರಳಿಗೆ ಹಸಿ ಹಿಕ್ಕೆ ತಾಗಿತು. ಅವನು ಲಕೋಟೆಯನ್ನು ಕಿತ್ತುಕೊಂಡು ಹಿಂದೆ ಸರಿದ.

"ಹೇಸಿಗಿ ಆಯ್ತೇನ್ರಿ?" ಉಂಡಿರೇನು ಎಂದು ಕೇಳುವ ದನಿಯಲ್ಲೇ ಕೇಳಿದಳು.

"ಇಲ್ಲ. ಕೋಳೀದು... ಒಂದ್ ನಿಮಿಷ. ಕೈ ತೊಳ್ಕೊಂಡು ಬರ್ತೇನಿ."

"ಬ್ಯಾಗ ಬರ್ರಿ. ಗಾಡಿ ನಿಂದ್ರಂಗಿಲ್ಲ."

ಲಕೋಟೆಯನ್ನು ಜಗಲಿಯ ಮೇಲಿಟ್ಟು ಹಿತ್ತಲಿಗೆ ಓಡಿದ. ಯಾವುದನ್ನು ತೊಳೆಯುತ್ತಿದ್ದೇನೆ? ಕೋಳಿಯದೋ, ಅವಳದೋ? ಉತ್ತರ ಗೊತ್ತಿತ್ತು. ಗೊತ್ತಿದ್ದುದಕ್ಕೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಆ ಅಸಹ್ಯಕ್ಕೂ ಒಂದು ತಂಬಿಗೆ ನೀರು ಬೇಕಾಯಿತು.

"ಮಾಸ್ತರ!" ಹೊರಗಿಂದ ಕೂಗು.

"ಬಂದೆ, ಬಂದೆ!"

ಮತ್ತೆ ಬೂದಿ ಹಚ್ಚಿ ಉಜ್ಜಿದ. ಒಂದು ತೊಳೆತಕ್ಕೆ ಅರ್ಧ ಕೊಳೆ ಹೋಗುತ್ತದೆ, ಇನ್ನೊಂದಕ್ಕೆ ಉಳಿದದ್ದರ ಅರ್ಧ. ಎಷ್ಟು ಸಲ ತೊಳೆದರೂ ಏನೋ ಒಂದಿಷ್ಟು ಉಳಿಯುತ್ತದೆ, ಎಂದೂ ಸೊನ್ನೆಯಾಗುವುದಿಲ್ಲ. ಪ್ರಬಂಧದ ಮೊದಲ ಪುಟದ ಉದಾಹರಣೆಯೇ. ಉಗುರಿನ ಸಂದಿಗೆ ಮತ್ತೊಂದು ತಂಬಿಗೆ ಸುರಿದುಕೊಂಡ.

"ಮಾಸ್ತರ, ಹೊಂಟೇನ್ರಿ ನಾ!"

"ಬಂದೆ!"

ಅದಾದ ಮೇಲೆ ಯಾರೂ ಕೂಗಲಿಲ್ಲ.

ಹೊರಗೆ ಬಂದಾಗ ಕಲ್ಲು ಬರಿದಾಗಿತ್ತು. ಮಥುರಾಬಾಯಿ ಬಾಗಿಲಲ್ಲಿ ನಿಂತಿದ್ದಳು. "ಲಕೋಟಿ ಒಯ್ಲೇನಂತ ನನ್ನೂ ಕೇಳಿದ್ಳು," ಎಂದಳು. "ನೀವು ಬರಲಿಲ್ಲ. ನಿಮ್ಮನ್ನ ಕೇಳದ ಹ್ಯಾಂಗ ಕೊಡಲಿ?"

ಅವನು ಲಕೋಟೆ ಹಿಡಿದು ಬೀದಿಗೆ ಓಡಿದ. ಗಾಡಿ ಊರ ಹೊರಗಿನ ಕರಿಮಣ್ಣಿನ ದಾರಿ ಹಿಡಿದಿತ್ತು; ಹಿಂದೆ ಕೂತ ಮಾಣಿಕಮ್ಮನ ಬೆನ್ನು ಕಾಣುತ್ತಿತ್ತು. ಒಮ್ಮೆ ಹೆಸರು ಹಿಡಿದು ಕೂಗಿದರೆ ಸಾಕಿತ್ತು. ಬಾಯಿ ತೆರೆದ. ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿ ಅವನನ್ನೇ ನೋಡುತ್ತಿದ್ದರು. ಜೋಯಿಸರ ಮನೆತನದ ಮಾಸ್ತರ ನಡುಬೀದಿಯಲ್ಲಿ ನಿಂತು ಅವಳ ಹೆಸರು ಕೂಗುವುದೇ? ಬಾಯಿ ಹಾಗೇ ಮುಚ್ಚಿತು.

ಗಾಡಿ ಹಳ್ಳಕ್ಕೆ ಇಳಿದು ಮರೆಯಾಯಿತು.

ಕೈ ಇನ್ನೂ ತೊಟ್ಟಿಕ್ಕುತ್ತಿತ್ತು, ಒರೆಸಿಕೊಂಡಿರಲಿಲ್ಲ. ಯುದ್ಧಕಾಲದ ಒರಟು ಕಾಗದ ಆ ಶುದ್ಧ ನೀರನ್ನೆಲ್ಲ ಕುಡಿದಿತ್ತು. ಮಂದಿರವೂ ಪುಣೆಯೂ ಕರಗಿ, ನೀಲಿಯಾಗಿ, ಬೆರಳುಗಳ ನಡುವೆ ಇಳಿಯುತ್ತಿದ್ದವು. ಕೋಳಿಯ ಹಿಕ್ಕೆ ಮಾತ್ರ ಲಕೋಟೆಯ ಮೂಲೆಯಲ್ಲಿ ಒಣಗಿ, ಗಟ್ಟಿಯಾಗಿ ಅಂಟಿಕೊಂಡಿತ್ತು.