ಕೈ ಅವಳದು, ಮಾತು ಅವನದು

ಪುಸ್ತಕ ಕಟ್ಟುವ ಅಂಗಡಿಯಲ್ಲಿ ಅವಳದು ಹೊಲಿಗೆಯ ಕೆಲಸ. ಮಡಚಿ ಬಂದ ಹಾಳೆಗಳ ಕಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿ, ಬೆನ್ನಿನ ಕಡೆಯಿಂದ ಸೂಜಿ ತೂರಿಸಿ, ದಾರ ಬಿಗಿದು ಗಂಟು ಹಾಕುವುದು ಇಪ್ಪತ್ತು ವರ್ಷದ ರೂಢಿ. ಈ ಕೆಲಸಕ್ಕೆ ಕಣ್ಣೇ ಬೇಡ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಆ ಸೋಮವಾರ ಬೆಳಿಗ್ಗೆ ಎದುರು ಮೇಜಿನಲ್ಲಿ ಅಂಟು ಕಲಸುತ್ತಿದ್ದ ಮುದುಕ, ಅಂಗಡಿಯವರೆಲ್ಲರ ಬಾಯಲ್ಲಿ ಅಂಟಜ್ಜ, ಕೈ ನಿಲ್ಲಿಸಿ ಅವಳ ಕಡೆ ನೋಡಿದ.

"ಹಾಳೆ ಮೇಲೆ ರಕ್ತ ಇದೆ ನೋಡಮ್ಮ," ಅಂದ.

ನೋಡಿದಳು. ನಾಲ್ಕು ಪುಟಗಳ ಅಂಚಿನಲ್ಲಿ ಸಣ್ಣ ಕೆಂಪು ಚುಕ್ಕೆಗಳಿದ್ದವು. ಸೂಜಿ ಎಡಗೈಯ ತೋರುಬೆರಳಿಗೆ ಚುಚ್ಚಿತ್ತು, ಅದೂ ಒಂದು ಸಲವಲ್ಲ. ಅವಳಿಗೆ ಗೊತ್ತೇ ಆಗಿರಲಿಲ್ಲ.

ಬೆರಳುಗಳು ಜೋಮು ಹಿಡಿಯಲು ಶುರುವಾಗಿ ಐದು ತಿಂಗಳಾಗಿತ್ತು. ಮೊದಲು ಎಡಗೈ, ಆಮೇಲೆ ಬಲಗೈ. ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಮುಟ್ಟಿಕೊಂಡೇ ಇಳಿಯಬೇಕಿತ್ತು. ಹಿಂದಿನ ತಿಂಗಳು ಗಂಡಹೆಂಡಿರು ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಡಾಕ್ಟರಮ್ಮ ಕುತ್ತಿಗೆಯ ಎಂಆರ್‌ಐ ಮಾಡಿಸಲು ಚೀಟಿ ಕೊಟ್ಟರು. ಸ್ಕ್ಯಾನಿಂಗ್ ವಿಭಾಗದ ಗುಮಾಸ್ತೆ ಅದರ ಮೇಲೆ ನಾಲ್ಕು ತಿಂಗಳ ಆಚೆಯ ದಿನಾಂಕ ಬರೆದುಕೊಟ್ಟಳು.

ಅಂದಿನಿಂದ ಮನೆಯಲ್ಲಿ ಒಂದೇ ಚರ್ಚೆ. ಕಾಯುವುದೋ, ಖಾಸಗಿ ಕೇಂದ್ರದಲ್ಲಿ ಮಾಡಿಸಿಬಿಡುವುದೋ? ಖಾಸಗಿ ಎಂದರೆ, ಸ್ವಂತದ್ದೊಂದು ಪುಟ್ಟ ಬೈಂಡಿಂಗ್ ಅಂಗಡಿ ಇಡಬೇಕೆಂದು ಅವಳು ಕೂಡಿಟ್ಟುಕೊಂಡು ಬಂದದ್ದರಲ್ಲಿ ದೊಡ್ಡ ಪಾಲು ಹೋಗುತ್ತಿತ್ತು.

ಗಂಡನ ಅಣ್ಣ, ಅವಳ ಭಾವ, ಖಾಸಗಿಯ ಪರ. ಹೋದ ವರ್ಷ ಮಂಡಿ ನೋವಿಗೆ ಸ್ಕ್ಯಾನ್ ಮಾಡಿಸಿಕೊಂಡು, ಆ ಫಿಲ್ಮನ್ನು ಬಂದವರಿಗೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ಮದುವೆಯ ಫೋಟೊದಂತೆ ತೋರಿಸಿದವರು ಅವರು. ಅದರಲ್ಲಿ ಏನೂ ಸಿಕ್ಕಿರಲಿಲ್ಲ, ನೋವೂ ತಾನಾಗಿ ಹೋಗಿತ್ತು. ಆದರೂ ಮನಸ್ಸಿಗೆ ಎಂಥ ನೆಮ್ಮದಿ ಎನ್ನುತ್ತಿದ್ದರು. ಗಂಡನಿಗೆ ಅಣ್ಣನ ಮಂಡಿಯೇ ಸಾಕ್ಷಿ. ಅದು ದಂಡದ ಖರ್ಚು, ನಾಲ್ಕು ತಿಂಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗುತ್ತದೆ ಎಂಬುದು ಅವನ ವಾದ.

ಗಂಡ ಕಾರು ಕಲಿಸುವವನು. ಕಲಿಯುವವರ ಪಕ್ಕದ ಸೀಟಿನಲ್ಲಿ, ತನ್ನ ಕಾಲಡಿಯೂ ಒಂದು ಬ್ರೇಕ್ ಇಟ್ಟುಕೊಂಡು ಹದಿನೆಂಟು ವರ್ಷ ಕೂತವನು. ಮನೆಯಲ್ಲೂ ಅದೇ ಚಾಳಿ. ಕೆಟ್ಟವನೇನಲ್ಲ. ಯಾರನ್ನು ಏನು ಕೇಳಿದರೂ ಉತ್ತರ ಅವನ ಬಾಯಿಂದ ಬರುತ್ತಿತ್ತು, ಅಷ್ಟೆ. ಅಣ್ಣತಮ್ಮಂದಿರು ಜಿದ್ದಿಗೆ ಬಿದ್ದಾಗ ಅವಳು ಚಹಾದ ಲೋಟ ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದಳು. ನಿನಗೇನನ್ನಿಸುತ್ತದೆ ಎಂದು ಇಬ್ಬರೂ ಕೇಳಲಿಲ್ಲ. ಕೇಳಿದ್ದರೂ ಪರವಾಗಿಲ್ಲ ಎಂದುಬಿಡುತ್ತಿದ್ದಳು. ಆ ಮಾತು ಅವಳಿಗೆ ಬಾಯಿಪಾಠವಾಗಿತ್ತು.

ಅಂಟಜ್ಜ ಹಳೆ ಬಟ್ಟೆಯ ಚೂರು ತಂದು ಬೆರಳಿಗೆ ಸುತ್ತಿದ. ನಾಲ್ಕು ತಿಂಗಳ ಕಥೆಯನ್ನೆಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ ಹಾಕಿದ.

"ಡಾಕ್ಟರಿಗೆ ನೀನು ಏನಂತ ಹೇಳಿದ್ದೆ?"

"ನಾನೇನೂ ಹೇಳ್ಲಿಲ್ಲ. ಇವರೇ ಹೇಳಿದ್ರು. ಸ್ವಲ್ಪ ಜೋಮು ಹಿಡಿಯುತ್ತೆ, ಕೆಲಸ ಎಲ್ಲಾ ಮಾಡ್ಕೊಂಡು ಹೋಗ್ತಾಳೆ, ಅಂಥದ್ದೇನಿಲ್ಲ ಅಂತ."

ಅಂಟಜ್ಜ ಗಂಟು ಬಿಗಿದ. "ಹಾಗಾದ್ರೆ ಆ ನಾಲ್ಕು ತಿಂಗಳು ಸಿಕ್ಕಿರೋದು ಅವನ ಮಾತಿಗೆ. ನಿನ್ನ ಕೈ ನೋಡಿದ್ರೆ ಯಾವ ತಾರೀಖು ಕೊಡ್ತಾರೋ ಇನ್ನೂ ಗೊತ್ತಿಲ್ಲ. ದುಡ್ಡು ಬಿಚ್ಚೋಕೆ ಮುಂಚೆ ಒಂದ್ಸಲ ನೀನೇ ಹೋಗಿ ಹೇಳು."

ಅವಳಿಗೆ ಸಿಟ್ಟು ಬಂತು. ಅರ್ಧ ಗಂಡನ ಮೇಲೆ, ಅರ್ಧ ಪಕ್ಕದಲ್ಲಿ ತೆಪ್ಪಗೆ ಕೂತಿದ್ದ ತನ್ನ ಮೇಲೆ. ಸಂಜೆ ಮನೆಗೆ ಹೋದವಳೇ ಹಾಳಾದ ಆ ನಾಲ್ಕು ಪುಟಗಳನ್ನು ಮೇಜಿನ ಮೇಲಿಟ್ಟಳು. ಗಂಡ ಅದನ್ನು ನೋಡಿದ, ಅವಳ ಬೆರಳು ನೋಡಿದ.

"ನಾಳೆ ಮತ್ತೆ ಆಸ್ಪತ್ರೆಗೆ ಹೋಗ್ತಿದೀನಿ. ನೀವೂ ಬನ್ನಿ," ಅಂದಳು. "ಆದ್ರೆ ಮಾತಾಡ್ಬೇಡಿ."

ಮಂಗಳವಾರ ಡಾಕ್ಟರಮ್ಮ ಕಡತ ತಿರುವಿ ಹಾಕಿ, ಈಗ ಹೇಗಿದೆ ಎಂದು ಅಭ್ಯಾಸಬಲದಿಂದ ಗಂಡನ ಮುಖ ನೋಡಿದರು. ಅವನ ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಅವನು ಬಹಳ ಶ್ರದ್ಧೆಯಿಂದ ಫ್ಯಾನ್ ನೋಡುತ್ತ ಕೂತ. ಅವಳು ಸೂಜಿಯ ವಿಷಯ ಹೇಳಿದಳು. ಗುಂಡಿ, ಮೆಟ್ಟಿಲು, ಲೋಟ, ಎಲ್ಲ ಹಿಂದುಮುಂದಾಗಿ ಬಂತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎರಡೂ ಕೈ ಮುಂದೆ ಚಾಚಿ, ಮುಷ್ಟಿ ಕಟ್ಟಿ ಬಿಡಿಸಿ, ಆದಷ್ಟು ಬೇಗ," ಎಂದು ಹೇಳಿ ಗಡಿಯಾರ ನೋಡಿದರು.

ಗಂಡ ತನಗೇ ತಿಳಿಯದಂತೆ ತೊಡೆಯ ಮೇಲೆ ತನ್ನ ಕೈಯನ್ನೂ ಮುಚ್ಚಿ ತೆರೆಯುತ್ತಿದ್ದ. ಹತ್ತು ಸೆಕೆಂಡು ಮುಗಿದಾಗ ಅವನದು ಇಪ್ಪತ್ತೆರಡಾಗಿತ್ತು. ಅವಳದು ಹನ್ನೊಂದು. ಕೊನೆಯ ಮೂರು ಸಲ ಬೆರಳು ಪೂರ್ತಿ ಬಿಚ್ಚಿಕೊಂಡೂ ಇರಲಿಲ್ಲ.

"ಇದನ್ನ ಹೋದ ಸಲವೇ ನೋಡ್ಬೇಕಿತ್ತು. ಅದು ನನ್ನ ತಪ್ಪು," ಅಂದರು ಡಾಕ್ಟರಮ್ಮ. "ಕುತ್ತಿಗೆ ಹತ್ರ ಬೆನ್ನುಹುರಿ ಒತ್ತಿಕೊಂಡಿರಬಹುದು. ಇದು ನಾಲ್ಕು ತಿಂಗಳು ಕಾಯೋ ಕೈ ಅಲ್ಲ."

"ಹಾಗಾದ್ರೆ ಇವತ್ತೇ ಹೊರಗಡೆ ಮಾಡಿಸಿಬಿಡ್ತೀವಿ," ಎಂದ ಗಂಡ. ಅಂದವನು ಅಲ್ಲೇ ತಡೆದ. ಹೆಂಡತಿಯ ಕಡೆ ತಿರುಗಿ, "ಏನ್ಮಾಡೋಣ, ನೀನು ಹೇಳು," ಅಂದ.

ಡಾಕ್ಟರಮ್ಮ ಫೋನೆತ್ತಿ ಸ್ಕ್ಯಾನಿಂಗ್ ವಿಭಾಗದವರ ಜೊತೆ ಮಾತಾಡಿದರು. ತುರ್ತಿನವರಿಗೆಂದು ಬೇರೆಯೇ ಪಟ್ಟಿ ಇತ್ತು. ಗುರುವಾರ ಜಾಗ ಸಿಕ್ಕಿತು. ಹೊರಗೆ ನಾಳೆಯೇ ಆಗಬಹುದು, ಆದರೆ ಎರಡು ಕಡೆಯೂ ಕಾಣುವುದು ಅದೇ ಕುತ್ತಿಗೆ, ಒಂದು ದಿನಕ್ಕೆ ಅಂಥ ವ್ಯತ್ಯಾಸವಿಲ್ಲ ಎಂದು ಬಿಡಿಸಿ ಹೇಳಿದರು. ಅಷ್ಟರೊಳಗೆ ಕಾಲಿನ ಬಲ ಕುಸಿದರೆ ನೇರ ಬಂದುಬಿಡಿ ಎಂದೂ ಸೇರಿಸಿದರು.

ಅವಳು ಬಟ್ಟೆ ಸುತ್ತಿದ್ದ ಬೆರಳನ್ನು ನೋಡಿಕೊಂಡಳು. ಅವಸರ ಮಾಡಲು ಯಾರೂ ಹೋಗಲಿಲ್ಲ.

"ಗುರುವಾರ ಇಲ್ಲೇ ಮಾಡಿಸ್ತೀನಿ. ಅವತ್ತು ಏನಾದ್ರೂ ತಪ್ಪಿದ್ರೆ ಮಾರನೇ ದಿನವೇ ಹೊರಗೆ ಹೋಗ್ತೀನಿ. ಅಂಗಡಿಗೆ ಅಂತ ಇಟ್ಟಿರೋ ದುಡ್ಡು ಈ ಕೈ ಇದ್ರೆ ತಾನೇ ಬೇಕಾಗೋದು."

ಸ್ಕ್ಯಾನಿಂಗ್ ವಿಭಾಗದಲ್ಲಿ ಅದೇ ಗುಮಾಸ್ತೆ ಹಳೆಯ ದಿನಾಂಕ ಹೊಡೆದುಹಾಕಿ ಹೊಸ ಫಾರಂ ತೆಗೆದಳು. ಕಡತ ಗಂಡನ ಕೈಯಲ್ಲಿದ್ದುದರಿಂದ ಅವನನ್ನೇ ಕೇಳತೊಡಗಿದಳು. ಮೈಯೊಳಗೆ ಲೋಹ ಏನಾದರೂ ಹಾಕಿಸಿದ್ದಾರಾ, ಇಕ್ಕಟ್ಟಿನ ಜಾಗ ಅಂದರೆ ಭಯ ಇದೆಯಾ? ಅವಳಿಗೆ ಭಯಗಿಯ ಏನಿಲ್ಲ ಎಂಬ ಮಾತು ಅವನ ನಾಲಗೆಯ ತುದಿಗೇ ಬಂದಿತ್ತು. ಅವನು ಕಡತವನ್ನು ಹೆಂಡತಿಯ ಕೈಗೆ ಕೊಟ್ಟ.

"ಅವಳನ್ನೇ ಕೇಳಿ," ಅಂದ.

ಲೋಹ ಇಲ್ಲ ಎಂದಳು. ಎರಡನೆಯ ಪ್ರಶ್ನೆಗೆ, ಬಾಯಿಪಾಠವಾಗಿದ್ದ ಮಾತು ತುಟಿಯವರೆಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

"ಇದೆ," ಅಂದಳು. "ತುಂಬಾನೇ ಇದೆ."

ಗುಮಾಸ್ತೆ ಹಾಗೆಯೇ ಬರೆದುಕೊಂಡಳು. ಪಕ್ಕದಲ್ಲಿ ನಿಂತಿದ್ದ ಗಂಡನಿಗೆ ಇದು ಹೊಸ ಸುದ್ದಿ.